ಪಿಂಡ ಮುಟ್ಟಿದ ಮರಬು ಕೊಕ್ಕರೆ

ವೇಣುಗೋಪಾಲನ ಹಿತ್ತಲಲ್ಲಿ ಕರಿ ಕೋಟಿನ ಬೋಳುತಲೆ ಮುದುಕನೊಬ್ಬ ಬೆಳಗಿನಿಂದ ಸಂಜೆವರೆಗೆ ಸುಮ್ಮನೆ ನಿಂತಿರುತ್ತಾನೆ, ಹಲೋ ಅಂದರೂ ತುಟಿ ಬಿಚ್ಚುವುದಿಲ್ಲ ಎಂದು ಅಮೆರಿಕದ ಕ್ಯಾರಿ ಊರಿನ ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಮುದುಕನಲ್ಲ, ಅದು ಹೆಚ್ಚುಕಡಿಮೆ ಆಳೆತ್ತರದ, ಆಫ್ರಿಕಾದ ಮರಬು ಕೊಕ್ಕರೆ. ವೇಣುಗೋಪಾಲನಿಗೆ ಮಾತ್ರ ಅದು ಅಪ್ಪ.

ನಗಬೇಡಿ, ಕೇಳಿ. ತೊಂಬತ್ತೆರಡನೇ ಇಸವಿಯಲ್ಲಿ ಮೈಸೂರಿನಲ್ಲಿ ಅಪ್ಪ ತೀರಿಕೊಂಡಾಗ ವೀಸಾ ತೊಡಕಿನಿಂದ ಇವನಿಗೆ ಹೋಗಲಾಗಲಿಲ್ಲ. ಅಪ್ಪನಿಗೆ ಅದೇ ಸಿಟ್ಟಿರಬೇಕು. ಕ್ಯಾಸೆಟ್ಟಿನ ಮಂತ್ರ ಹಾಕಿಕೊಂಡು ತಿಥಿ ಮಾಡಿ, ಹಿತ್ತಲಲ್ಲಿ ಪಿಂಡ ಇಟ್ಟು ಕಾದರೆ ನಾಲ್ಕು ವರ್ಷವೂ ಒಂದು ಕಾಗೆಯೂ ಮುಟ್ಟಲಿಲ್ಲ. ಅಲ್ಲಿನ ಕಾಗೆಗಳಿಗೆ ಪಿಜ್ಜಾದ ರುಚಿ ಹತ್ತಿತ್ತು. ಐದನೆಯ ವರ್ಷ ಕೊಡೆಯಗಲದ ರೆಕ್ಕೆ ಬಿಚ್ಚಿಕೊಂಡು ಇದು ಇಳಿಯಿತು. ಪಿಂಡ ನುಂಗಿತು. ದರ್ಭೆ ನುಂಗಿತು. ಪೇಪರ್ ಪ್ಲೇಟನ್ನೂ ಬಿಡಲಿಲ್ಲ.

“ಅಪ್ಪ ಒಪ್ಪಿದ್ರು ಕಣೇ!” ವೇಣುಗೋಪಾಲ ಗೊಳೋ ಎಂದು ಅತ್ತ.

ವಾರ ಕಳೆಯುವಷ್ಟರಲ್ಲಿ ಹೆಂಡತಿ ಉಷಾ ತಗಾದೆ ತೆಗೆದಳು. “ಮಾವ ಈರುಳ್ಳೀನೂ ಮುಟ್ತಿರ್ಲಿಲ್ಲ. ಇವ್ರು ಪಕ್ಕದ್ಮನೆ ಗಾರ್ಬೇಜಲ್ಲಿ ಚಿಕನ್ ಮೂಳೆ ನುಂಗ್ತಿದಾರಲ್ರೀ?”

“ಆಫ್ರಿಕಾದಲ್ಲಿ ಹುಟ್ಟಿದ್ಮೇಲೆ ಅಡ್ಜಸ್ಟ್ ಮಾಡ್ಕೋಬೇಕಲ್ವಾ?”

“ತಮ್ಮ ಕಾಲ್ಮೇಲೆ ತಾವೇ ಕಕ್ಕ ಮಾಡ್ಕೋತಾರಲ್ಲ, ಅದು?”

“ಸೆಕೆಗೆ! ಕಾಲು ತಣ್ಣಗಾಗತ್ತೆ. ಲೈಬ್ರರಿ ಬುಕ್ಕಲ್ಲಿ ಓದ್ದೆ.”

ಉಷಾ ಬೈದಳು ನಿಜ, ಆದರೆ ಅಂದಿನಿಂದ ನೈಟಿಯಲ್ಲಿ ಹಿತ್ತಲಿಗೆ ಹೋಗುವುದನ್ನು ಬಿಟ್ಟಳು.

ಅಕ್ಟೋಬರಿನಲ್ಲಿ ಅಟ್ಲಾಂಟಾ ಕಡೆಯ ಪಕ್ಷಿಧಾಮದವನೊಬ್ಬ ವ್ಯಾನು ತಂದ. ಹಕ್ಕಿ ತಪ್ಪಿಸಿಕೊಂಡದ್ದು ಅವನಲ್ಲಿಂದಲೇ. ಹಿಮ ಬಿದ್ದರೆ ಇದು ಸಾಯುತ್ತದೆ. ಅಲ್ಲಿ ಬೆಚ್ಚನೆಯ ಕೊಟ್ಟಿಗೆಯಿದೆ, ಇನ್ನೂ ಇಪ್ಪತ್ತು ವರ್ಷ ಬಾಳೀತು. ನೋಡಿಕೊಳ್ಳಲು ಮಾತ್ರ ಆಳು ಸಿಗುತ್ತಿಲ್ಲ, ನಾತಕ್ಕೆ ಯಾರೂ ನಿಲ್ಲುವುದಿಲ್ಲ ಎಂದ.

ಗ್ರೀನ್ ಕಾರ್ಡ್ ಕೈಗೆ ಬಂದು ತಿಂಗಳಾಗಿತ್ತು, ಇನ್ನು ಯಾವ ಕೆಲಸವನ್ನಾದರೂ ಹಿಡಿಯಬಹುದಿತ್ತು. ವೇಣುಗೋಪಾಲ ಹೆಂಡತಿಯ ಮುಖ ನೋಡಿದ. “ಒಂದ್ಸಲ ಅಪ್ಪನ್ನ ಒಬ್ರನ್ನೇ ಕಳಿಸಿದ್ದಾಯ್ತು, ಉಷಾ.”

ಅವಳು ಒಳಗಿಂದ ಅವನ ಸ್ವೆಟರು ತಂದು ಕೈಗಿತ್ತಳು. “ಹೋಗಿ. ಮನೆ ಸೇಲ್ ಮಾಡಿ ನಾನೂ ಬರ್ತೀನಿ. ಮೈಸೂರಿಂದ ಅತ್ತೆ ಫೋನ್ ಮಾಡಿದ್ರೆ ಏನನ್ಲಿ?”

“ಅಪ್ಪನ ಜೊತೆ ಇದಾನೆ ಅನ್ನು.”

ಬೀಗದ ಕೈಯನ್ನು ಅವಳಿಗೆ ಕೊಟ್ಟು ಅವನು ಹೊಸ್ತಿಲು ದಾಟಿದ. ಪಕ್ಷಿಧಾಮದವನು ವ್ಯಾನಿನ ಹಿಂಬಾಗಿಲು ತೆಗೆದು ಹಕ್ಕಿಗಾಗಿ ಕಾಯುತ್ತಿದ್ದ. ವೇಣುಗೋಪಾಲ ಮುಂದಿನ ಸೀಟಿನ ಬಾಗಿಲು ತೆಗೆದು, “ಬನ್ನಿ ಅಪ್ಪ, ಹತ್ತಿ” ಎಂದು ಹಿರಿಯರನ್ನು ಕೂರಿಸಿ, ತಾನು ಹಿಂದೆ ಹೋಗಿ ಹುಲ್ಲಿನ ಮೇಲೆ ಕುಳಿತ.