ಭರಚುಕ್ಕಿಯ ಮೆಟ್ಟಿಲ ಮೇಲೆ

ಮೇಲಿನ ಗದ್ದೆಯವನೂ ನಾನೂ ಮಾತು ಬಿಟ್ಟು ಎರಡು ಬೆಳೆ ಕಳೆದಿತ್ತು. ನಾಲೆ ನೀರು ಅವನ ಗದ್ದೆ ದಾಟಿಯೇ ನನಗೆ ಬರಬೇಕು. ಜಗಳ ಶುರುವಾದದ್ದು ಆ ನೀರಿನ ಸರದಿಯಲ್ಲಿ. ಬದುವಿನ ಮೇಲೆ ಎದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದೆವು. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಗುದ್ದಲಿ ಹಿಡಿದವನು ನಾನು, ಯಾರ ಹಂಗಿಲ್ಲದೆ ಬದುಕಿದವನು. ನಾನಾಗಿ ಮೊದಲು ಮಾತಾಡಿಸುವುದಿಲ್ಲ ಎಂದು ಹಟ ಹಿಡಿದಿದ್ದೆ. ಅವನದೂ ಅದೇ ಹಟ.

ನಮ್ಮ ಹೆಂಗಸರಿಗೆ ಸಾಕಾಗಿಹೋಗಿತ್ತು. ನಾಟಿ ಮುಗಿಯುತ್ತಲೇ ಅವರಿಬ್ಬರೂ ಸೇರಿ ಒಂದು ಕಾರು ಗೊತ್ತುಮಾಡಿ, ನಮ್ಮನ್ನು ಭರಚುಕ್ಕಿಗೆ ಹೊರಡಿಸಿದರು. ಮಳವಳ್ಳಿ ದಾಟಿದರೂ ನಾನು ಡ್ರೈವರ್ ಪಕ್ಕ, ಅವನು ಹಿಂದೆ ಹೆಂಗಸರ ಜೊತೆ. ಇಬ್ಬರ ಮುಖವೂ ಕಿಟಕಿಯ ಕಡೆ.

ಕಾಡಿನ ನಡುವೆ ಮೆಟ್ಟಿಲು ಇಳಿಯುವಾಗ ಮೊದಲು ಸದ್ದು ಕೇಳಿತು. ತಿರುವಿನಲ್ಲಿ ಮರಗಳು ಸರಿದವು. ಬಂಡೆಯ ಗೋಡೆಯುದ್ದಕ್ಕೂ ನೀರೋ ನೀರು, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಬಂದ ಹಾಗೆ. ಜೀವಮಾನವೆಲ್ಲ ಪಾದ ನೆನೆಯುವಷ್ಟು ನೀರನ್ನು ಗುದ್ದಲಿಯಲ್ಲಿ ತಿರುಗಿಸಿದವನು ನಾನು. ಇದರ ಮುಂದೆ ನನ್ನ ಗುದ್ದಲಿ ಯಾವ ಲೆಕ್ಕ ಅನ್ನಿಸಿತು. ಅನ್ನಿಸಿದ್ದಕ್ಕೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು.

ತುಂತುರು ಮುಖಕ್ಕೆ ಬಡಿಯುತ್ತಿತ್ತು. ನೋಡುತ್ತಲೇ ಇನ್ನೊಂದು ಮೆಟ್ಟಿಲು ಇಳಿದೆ. ಪಾಚಿಯ ಮೇಲೆ ಚಪ್ಪಲಿ ಜಾರಿತು. ಹಿಂದಿನಿಂದ ಒಂದು ಒರಟು ಕೈ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿಯಿತು.

"ಕಾಲ ನೋಡ್ಕಂಡು ಮಡುಗ್ಲಾ," ಅಂದ ಮೇಲಿನ ಗದ್ದೆಯವನು. "ನೀ ಬಿದ್ದೋದ್ರೆ ಇನ್ಯಾರ್ ಕುಟ್ಟೆ ಜಗ್ಳ ಆಡ್ಲಿ?"

"ಇಲ್ಲೂ ಮೇಲ್ಗಡೆನೇ ನಿಂತಿದ್ದೀಯಲ್ಲಾ," ಅಂದೆ.

ಅವನು ನಕ್ಕು, ಇಳಿದು ಬಂದು ನನ್ನ ಪಕ್ಕ ನಿಂತ. ಇಬ್ಬರೂ ನೆನೆದು ತೊಪ್ಪೆಯಾದೆವು. ಈ ನೀರು ಮಂಡ್ಯ, ಮದ್ದೂರು ಎರಡೂ ತಾಲ್ಲೂಕಿನ ಗದ್ದೆಗೆ ಸಾಕು ಎಂದ. ಮಳವಳ್ಳಿಯನ್ನು ಯಾಕೆ ಬಿಟ್ಟೆ ಎಂದು ನಾನು ತಗಾದೆ ತೆಗೆದೆ. ಮೆಟ್ಟಿಲು ಹತ್ತುವಾಗಲೂ ಅದೇ ವಾದ. ಕಾರಿನಲ್ಲಿ ನಾವಿಬ್ಬರೂ ಹಿಂದೆ ಕೂತು ಮುಂದುವರಿಸಿದೆವು. ನನ್ನ ಹೆಂಡತಿ ಡ್ರೈವರ್ ಪಕ್ಕಕ್ಕೆ ಹೋದಳು.

"ಮಾತು ಬುಟ್ಟಿದ್ದಾಗ್ಲೇ ನೆಮ್ಮದಿಯಾಗಿತ್ತು ಕಣಮ್ಮ," ಎಂದು ಹಿಂತಿರುಗಿ ಅವನ ಹೆಂಡತಿಗೆ ಹೇಳಿದಳು.

ಮೊದಲು ಮಾತಾಡಿದ್ದು ಅವನು ಎಂಬುದು ನನಗೆ ನೆನಪಾದದ್ದು ಮನೆ ಸೇರಿ ಕಾಲು ತೊಳೆಯುವಾಗ.