ನ್ಯಾಮತಿ ಬಸ್ ನಿಲ್ದಾಣದ ಫ್ಲೆಕ್ಸ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬರುವ ಸುದ್ದಿಗಳನ್ನು ತಿದ್ದುವುದು ಪತ್ರಿಕೆಯಲ್ಲಿ ನನ್ನ ಕೆಲಸ. ಹೆಸರಿನ ಮುಂದೆ ‘ಡಾ.’ ಕಂಡರೆ ವಿಚಾರಿಸದೆ ಬಿಡುವುದಿಲ್ಲ.

ಆ ಕೆಲಸದ ನಡುವೆಯೇ, ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ಹಳ್ಳಿಗಳ ಬಗ್ಗೆ ಪಿಎಚ್.ಡಿ. ಪ್ರಬಂಧ ಬರೆದೆ. ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಹಾಳೆಗಳನ್ನು ನಿಧಾನವಾಗಿ ತಿರುವಿದರು. ಪ್ರತಿ ಮಾತೂ ಯಾರೋ ವಿಮರ್ಶಕರು ಹೇಳಿದ್ದು, ಇದರಲ್ಲಿ ನೀವು ಹೇಳಿದ್ದು ಯಾವುದು ಎಂದು ಕೇಳಿದರು. ಯಾರು ಹೇಳಿದ್ದೆಂದು ತೋರಿಸದೆ ಒಂದು ಸಾಲನ್ನೂ ಬರೆಯಬಾರದು ಎಂದು ಪತ್ರಿಕೆಯ ಡೆಸ್ಕಿನಲ್ಲಿ ಕಲಿತವನು ನಾನು. ಅಡಿಟಿಪ್ಪಣಿಗಳನ್ನೇ ತೋರಿಸಿದೆ. ನನ್ನ ಗೈಡ್ ನೀರಿನ ಲೋಟ ನೋಡುತ್ತ ಕುಳಿತರು. ಪ್ರಬಂಧವನ್ನು ತಿದ್ದಿ ಬರೆದು ಮತ್ತೆ ಸಲ್ಲಿಸಬೇಕೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ನ್ಯಾಮತಿಯ ದೊಡ್ಡಪ್ಪ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸಿಯಾಗಿತ್ತು. ‘ಡಾಕ್ಟರೇಟ್ ಪಡೆದ ನಮ್ಮೂರ ಹೆಮ್ಮೆ’ ಎಂಬ ಅಕ್ಷರಗಳ ಕೆಳಗೆ ಮದುವೆ ಫೋಟೊದಿಂದ ಕತ್ತರಿಸಿದ ನನ್ನ ಮುಖ, ಸುತ್ತ ನೆಂಟರ ಮುಖಗಳು. ವೈವಾ ಅಂದರೆ ಮಾತಾಡುವುದು ತಾನೇ, ಅದರಲ್ಲಿ ಫೇಲಾಗುವುದೇನು ಎಂಬುದು ದೊಡ್ಡಪ್ಪನ ಲೆಕ್ಕ.

ಮರುದಿನ ಅಲ್ಲಿ ಬಸ್ಸಿಳಿದಾಗ ಹೂ ಮಾರುವಾಕೆ ಫ್ಲೆಕ್ಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಕರವಸ್ತ್ರದಿಂದ ಮುಖ ಒರೆಸುವ ನೆಪದಲ್ಲಿ ದಾಟಿಹೋದೆ. ಮನೆಯಲ್ಲಿ ನಡೆದದ್ದನ್ನು ಹೇಳಿ, ಫ್ಲೆಕ್ಸ್ ಇಳಿಸೋಣ ಎಂದೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

“ಇಳಿಸಾಕೆ ಹೋದ್ರೆ ಯಾಕೆ ಅಂತ ಊರೆಲ್ಲ ಕೇಳ್ತೈತೆ. ಇದ್ರೆ ಯಾರೂ ಕೇಳಂಗಿಲ್ಲ. ನೀನು ಜಲ್ದಿ ಬರ್ದು ಮುಗ್ಸು.”

“ಅದು ಸುಳ್ಳಲ್ವಾ ದೊಡ್ಡಪ್ಪ?”

“ಸುಳ್ಳು ಹೆಂಗಾಗ್ತೈತೆ? ಸ್ವಲ್ಪ ಮುಂಚೆ ಆಗೈತೆ, ಅಷ್ಟೆ.”

ಹೋಗುವಾಗ ಫ್ಲೆಕ್ಸ್ ತಪ್ಪಿಸಲು ಹಿಂದಿನ ಬೀದಿ ಹಿಡಿದೆ.

ಸಂಜೆ ಡೆಸ್ಕಿನಲ್ಲಿ ಕೂತರೆ, ನ್ಯಾಮತಿ ವರದಿಗಾರ ಕಳಿಸಿದ ಸುದ್ದಿಗಳ ನಡುವೆ ಅದೇ ಮುಖ, ಅದೇ ‘ಡಾ.’. ಪುಟ ವಿನ್ಯಾಸ ಮಾಡುವಾಕೆ ಆಗಲೇ ಅದಕ್ಕೆ ಜಾಗ ಬಿಟ್ಟು, ಸ್ವೀಟ್ ಯಾವಾಗ ಎಂದು ಕೇಳುತ್ತಿದ್ದಳು. ನಾನು ಆ ಸುದ್ದಿಯನ್ನು ತೆಗೆದುಹಾಕಿದೆ. ಪ್ರಕಟವಾಗುವ ಸುದ್ದಿಗಳ ಪಟ್ಟಿಯಲ್ಲಿ ಅದು ಕಾಣದೆ ವರದಿಗಾರ ಫೋನ್ ಮಾಡಿದ.

“ಯಾಕ್ರೀ ಸರ್, ನಿಮ್ ಸುದ್ದಿ ನೀವೇ ಹೊಡ್ದು ಹಾಕೀರಿ?”

ಖಚಿತವಾಗಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ದಿನವೂ ಅವನಿಗೆ ಹೇಳುವ ಮಾತೇ ಅದು. ಪಕ್ಕದಲ್ಲಿ ಪುಟ ವಿನ್ಯಾಸದಾಕೆ ಕೇಳಿಸಿಕೊಳ್ಳುತ್ತಿದ್ದಳು.

“ನನಗೆ ಡಾಕ್ಟರೇಟ್ ಬಂದಿಲ್ಲ. ನಾನು ಬರೆದದ್ದು ಚೆನ್ನಾಗಿರಲಿಲ್ಲ” ಎಂದೆ.

“ಹಂಗಾದ್ರೆ ಆ ಫ್ಲೆಕ್ಸ್ ಏನ್ ಮಾಡಾದು ಸರ್?”

“ಕಟ್ಟಿದವ್ರಿಗೆ ಇಳಿಸಾಕೆ ಹೇಳ್ರಿ. ದೊಡ್ಡಪ್ಪ ಕೇಳಿದ್ರೆ ನನ್ ಹೆಸರೇ ಹೇಳ್ರಿ.”

ಫೋನ್ ಇಟ್ಟಾಗ ಆಕೆ ನನ್ನ ಕಡೆ ನೋಡದೆ, ಆ ಖಾಲಿ ಜಾಗಕ್ಕೆ ಜಗಳೂರಿನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಕೂರಿಸುತ್ತಿದ್ದಳು.