ಶೂಟಿಂಗಿಗಾಗಿ ಸತ್ತು ಮಲಗಿದ್ದು

ನನ್ನ ಮಗ ನಗಿಸುವ ಧಾರಾವಾಹಿಗಳ ಡೈರೆಕ್ಟರು. ಆಮೇಲೆ ಸಿನಿಮಾನೂ ಮಾಡಿದ. ಊರೆಲ್ಲ ನಕ್ಕಿದೆ, ಹೆತ್ತವಳಿಗೆ ನಗು ಬಂದದ್ದು ಕಡಿಮೆ. ಹಾಸನದಲ್ಲಿ ಕಾಲೇಜು ಬಿಟ್ಟು ನಾಟಕ ಆಡಿಸಿಕೊಂಡಿದ್ದವನು ತೊಂಬತ್ತರ ದಶಕದ ಕೊನೆಗೆ ಟೀವಿ ಸೇರಿದ. ಮೊದಲನೇ ಧಾರಾವಾಹಿಗೆ ಬೇರೆ ಮನೆ ಸಿಗಲಿಲ್ಲವೆಂದು ಶಾಂತಿಗ್ರಾಮದ ನಮ್ಮ ಮನೆಗೇ ಜನರನ್ನು ಕಟ್ಟಿಕೊಂಡು ಬಂದ. ಅದೇ ವಾರದ ಶುಕ್ರವಾರ ಮಗಳ ನಿಶ್ಚಿತಾರ್ಥ. ಯಜಮಾನರು ತೀರಿಹೋಗಿದ್ದರು, ತಾಂಬೂಲ ಬದಲಾಯಿಸಬೇಕಾದ ಅಣ್ಣ ಇವನೇ. ಹೇಗೋ ಊರಲ್ಲಿರುತ್ತಾನಲ್ಲ ಎಂದು ಸುಮ್ಮನಿದ್ದೆ.

ಅತ್ತೆ ಸತ್ತಾಗ ಸೊಸೆಗೆ ಅಳು ಬಾರದೆ ನಗು ಬರುತ್ತದಂತೆ, ಅದು ಸೀನು. ಅತ್ತೆಯಾಗಬೇಕಾದ ಆರ್ಟಿಸ್ಟು ಬರಲಿಲ್ಲ.

"ಅವ್ವಾ, ಒಂದ್ಗಳಿಗೆ ಮಲೀಕ. ಮಾತೇ ಇಲ್ಲ."

"ಸುಭಕಾರ್ಯ ಇಟ್ಕಂಡು ಹೆಣ ಆಗು ಅಂತೀಯೇನ್ಲಾ?"

"ಐದ್ನಿಮಿಸ ಕಣವ್ವ. ಬಯ್ಯಾದೊಂದು ನಿಲ್ಸು."

ಜಗಲಿಯ ಮೇಲೆ ಮಲಗಿದೆ. ಮೂಗಿಗೆ ಹತ್ತಿ, ಹಣೆಗೆ ಕಾಸು, ಬಾಗಿಲಲ್ಲಿ ಮಡಕೆ ಬೆಂಕಿ, ಅಂಗಳದಲ್ಲಿ ಬಿದಿರಿನ ಚಟ್ಟ. ಐದು ನಿಮಿಷ ಅರ್ಧ ದಿನವಾಯಿತು. ಇರುವೆ ಕಚ್ಚಿದರೂ ಅಲ್ಲಾಡುವಂತಿಲ್ಲ. ಕ್ಯಾಮೆರಾ ಇದ್ದದ್ದು ಮನೆಯ ಒಳಗೆ. ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ನಾನು, ಬೆಂಕಿ, ಚಟ್ಟ, ಅಷ್ಟೇ.

ಚನ್ನರಾಯಪಟ್ಟಣದಿಂದ ಹಾಸನದ ಬಸ್ಸಿನಲ್ಲಿ ಹೋಗುತ್ತಿದ್ದ ಗಂಡಿನ ಸೋದರಮಾವ ಅದನ್ನು ನೋಡಿದ. ಇಳಿದು ವಿಚಾರಿಸಬಾರದೇ? ಹಾಸನಕ್ಕೆ ಹೋಗಿ ಹೊಳೆನರಸೀಪುರದ ಗಂಡಿನ ಮನೆಗೆ ಫೋನು ಮಾಡಿದ. ಮಧ್ಯಾಹ್ನ ಬೀಗರೆಲ್ಲ ವ್ಯಾನಿನಲ್ಲಿ ಹಾರದ ಸಮೇತ ಬಂದಿಳಿದರು. ಗಂಡಿನ ತಾಯಿ ನನ್ನ ಕಾಲಿಗೆ ಬಿದ್ದು ಗೋಳಾಡಿದಳು. ಇನ್ನು ಮಲಗಿರುವುದು ಹೇಗೆ? ಎದ್ದು ಕೂತೆ. ಆಕೆ ಕಿಟಾರನೆ ಕಿರುಚಿದಳು.

"ನಿಲ್ಲಿಸ್ಬ್ಯಾಡ್ರಿ, ಓಡ್ಲಿ ಕ್ಯಾಮ್ರಾ!" ಎಂದು ಒಳಗಿಂದ ನನ್ನ ಮಗ ಕೂಗಿದ.

ಆಕೆಗೆ ಅಳು ಹೋಗಿ ಸಿಟ್ಟು ಬಂತು. "ಚಟ್ಟ ಕಟ್ಟಿದ್ ಮನೇಲಿ ತಾಂಬೂಲ ತಕ್ಕಳಕಾಯ್ತದಾ? ಈ ಸಂಬಂದವೇ ಬ್ಯಾಡ, ನಡೀರಿ!"

ನನ್ನ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಅಣ್ಣನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು. ಅವನು ಕ್ಯಾಮೆರಾದವನ ಹತ್ತಿರ, ಕಿರುಚಿದ್ದು ಪೂರ್ತಿ ಬಂತಾ ಎಂದು ಕೇಳುತ್ತಿದ್ದ.

ಕೊನೆಗೆ ಗಂಡಿನ ಅಜ್ಜಿ ವ್ಯಾನಿನಿಂದ ಇಳಿಯದೆಯೇ ತೀರ್ಪು ಹೇಳಿದಳು. "ಬದ್ಕಿರೋರ್ನ ಸತ್ರು ಅಂದ್ರೆ ಆಯಸ್ಸು ಬೆಳೀತದೆ ಕಣಮ್ಮಿ. ತಾಂಬೂಲ ನಮ್ಮನೇಲೇ ಆಗ್ಲಿ. ಆದ್ರೆ ಆವಯ್ಯ ಕ್ಯಾಮ್ರಾ ತರಂಗಿಲ್ಲ."

ಶುಕ್ರವಾರ ಅಕ್ಕಿ, ಬೇಳೆ, ಪಾತ್ರೆ, ನೆಂಟರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೊಳೆನರಸೀಪುರಕ್ಕೆ ಹೋದೆವು. ಮಗ ಬರಿಗೈಲಿ ಬಂದ, ಪುಣ್ಯ. ಗಂಡಿನ ಸೋದರಮಾವ ತಾಂಬೂಲದ ತಟ್ಟೆ ಎತ್ತಿ ಹಿಡಿದರೆ ಇವನು ಈಸಿಕೊಳ್ಳದೆ, "ಮಾವಾ, ತಟ್ಟೆ ವಸಿ ಕೆಳಗಿಡಿ, ಮುಖ ಕಾಣ್ತಿಲ್ಲ" ಅನ್ನಬೇಕೇ! ಆ ಮಾವನೂ ತಟ್ಟೆ ಇಳಿಸಿ ಮೀಸೆ ತೀಡಿಕೊಂಡ. ಗಂಡಿನ ತಾಯಿ ಎದ್ದು ನಿಂತಳು.

ಹಿಂದೆ ಕೂತಿದ್ದ ನಾನು ಮಗನ ತೊಡೆ ಹಿಡಿದು ಚಿವುಟಿದೆ. ತಟ್ಟೆ ಕೈ ಬದಲಾದ ಮೇಲೆಯೇ ಬಿಟ್ಟದ್ದು.